ನಾಲ್ಕನೇ ತಂಬಿಗೆ

ಗೌರೀಶನ ದಿನಕರ್ಮ ಮುಗಿದು ನೆಂಟರೆಲ್ಲ ಹೋದ ಮರುದಿನ ಬೆಳಿಗ್ಗೆ ಬನಹಟ್ಟಿಯ ಓಣಿಯಲ್ಲಿ ಮಗ್ಗಗಳು ಎಂದಿನಂತೆ ಸದ್ದು ಮಾಡಿದವು. ಸ್ನೇಹಾ ರೂಢಿಯಂತೆ ಗಂಡನಿಗೂ ಸೇರಿಸಿ ಚಹಾ ಸೋಸಿದಳು. ಅವನ ಪಾಲನ್ನು ಮೋರಿಗೆ ಸುರಿದಳು.

ಅತ್ತೆ ಹಾಲವ್ವ ಬಾಗಿಲಲ್ಲಿ ನಿಂತೇ ಹೇಳಿದಳು. "ಕಾವ್ಯಾನ ಲಗ್ನ ಮುಂದ ಹಾಕಂಗಿಲ್ಲಂತ ಬೀಗರು ಅಂದಾರ. ತಂಗಿ ಲಗ್ನಕ್ಕ ಓಡಾಡೋ ನನ್ನ ಮಗ ಹ್ವಾದ. ನೀ ಎಂ.ಎ. ಕಲ್ತಾಕಿ, ಫೋನಿನ್ಯಾಗ ನೋಡಿ ಯಾರರೆ ಸೋವಿ ವೆಡ್ಡಿಂಗ್ ಪ್ಲ್ಯಾನರ್ ಹುಡುಕು. ಆದ್ರ ಹಂದರದಾಗ ನಿನ್ನ ಮಾರಿ ಕಾಣಬಾರ್ದು ನೋಡು."

ಗೌರೀಶ ಬೈಕಿನಿಂದ ಬಿದ್ದು ಸತ್ತ ದಿನ ಇದೇ ಬಾಯಿ "ನನ್ನ ಮಗನ್ನ ನುಂಗಿದಿ" ಎಂದಿತ್ತು. ಸ್ನೇಹಾ ಆಗಲೂ ಅತ್ತಿರಲಿಲ್ಲ.

"ಹುಡುಕ್ತೀನ್ರಿ ಅತ್ತಿ," ಎಂದಳು. ಊರೇ ನಗುವಂಥವನನ್ನು ಹುಡುಕುತ್ತೇನೆ ಎಂದುಕೊಂಡಳು.

ಮುಧೋಳದವನು ಡ್ರೋನ್ ಕ್ಯಾಮೆರಾ ಎಂದ. ಬೀಳಗಿಯವಳು ಹೂವಿನ ಕಮಾನಿಗೇ ಒಂದು ಮಗ್ಗದ ಬೆಲೆ ಹೇಳಿದಳು. ಜಮಖಂಡಿಯ ನೀಲಕಂಠನ ಪುಟದ ಕೆಳಗೆ ಮಾತ್ರ ಬೈಗುಳಗಳಿದ್ದವು. ಬ್ಯಾಂಡಿನವರನ್ನು ಬೇರೆ ಊರಿಗೆ ಕಳಿಸಿದ್ದ. ಮದುಮಗಳ ಸುತ್ತ ನಾಲ್ಕು ಮೂಲೆಗೆ ತಂಬಿಗೆ ಇಟ್ಟು ನೂಲು ಸುತ್ತುವ ಸುರಗಿ ಶಾಸ್ತ್ರಕ್ಕೆ ಮೂರು ಹಿತ್ತಾಳೆ, ಒಂದು ಸ್ಟೀಲು ಇಟ್ಟಿದ್ದ.

ಅವನಿಗೇ ಫೋನ್ ಮಾಡಿದಳು.

"ಎಲ್ಲಾರಕಿಂತ ಸೋವಿ ನೀವ ಏನ್ರಿ?"

"ಖರೆ ರೀ. ಬೈಸ್ಕೊಳ್ಳೂದ್ರಾಗ ಮಾತ್ರ ಯಾರಿಗೂ ಕಮ್ಮಿ ಇಲ್ಲ."

"ಸ್ಟೀಲಿನ ತಂಬಿಗಿ ಯಾಕ ಇಟ್ರಿ?"

"ನಮ್ಮವ್ವನ ನಾಕೂ ತಂಬಿಗಿ ಒಬ್ಬ ದೋಸ್ತ ತನ್ನ ಲಗ್ನಕ್ಕ ಒಯ್ದ. ಮೂರ ತಿರುಗಿ ಕೊಟ್ಟ. ಕೇಳಿದ್ರ, 'ನನ್ನ ಹೆಣ್ತಿ ಅದರಾಗ ನೀರ ಕುಡೀತಾಳ, ಇನ್ನಷ್ಟ ದಿನ ಇರ್ಲಿ ಬಿಡಲೇ' ಅಂದ."

ಸ್ನೇಹಾ ಅಡುಗೆ ಕಟ್ಟೆಯ ಮೇಲಿನ ಹಿತ್ತಾಳೆ ತಂಬಿಗೆಯನ್ನು ನೋಡಿದಳು. ಕಂಠದ ಕೆಳಗೆ ಸಣ್ಣಗೆ ಕೊರೆದಿತ್ತು: ಕರೆವ್ವ, ಜಮಖಂಡಿ. ಮೂರು ವರ್ಷ ಅದರಲ್ಲಿ ಕುಡಿದಿದ್ದಳು. ಕರೆವ್ವ ಯಾರೆಂದು ಕೇಳಿರಲಿಲ್ಲ.

"ನಿಮ್ಮವ್ವ ಕರೆವ್ವ ಏನ್ರಿ?"

ಅವನು ಮೆಲ್ಲಗೆ ಕೇಳಿದ, "ನೀವು ಗೌರೀಶನ..."

"ಹೂಂ."

"ಇಟಗೊಳ್ರಿ. ನಿಮಗಂತನ ಇಸಗೊಂಡಿದ್ದ."

ಕೊರೆದ ಹೆಸರನ್ನು ಅವಳು ಸೆರಗಿನಿಂದ ಒರೆಸಿದಳು. ಆದರೂ ಹಟ ಇಳಿಯಲಿಲ್ಲ. "ನಮ್ಮ ನಾದಿನಿ ಲಗ್ನ ನೀವ ಮಾಡಸ್ರಿ. ತಂಬಿಗಿ ಆ ದಿನ ಕೊಡ್ತೀನಿ. ನಮ್ಮ ಅತ್ತಿ ಮುಂದ ಹೇಳಬ್ಯಾಡ್ರಿ," ಎಂದಳು.

ಎರಡು ತಿಂಗಳು ಅವನು ಹಂದರದ ಅಳತೆಗೆಂದು ಬಂದ. ಒಮ್ಮೆ ಅಳೆದದ್ದನ್ನೇ ಮತ್ತೆ ಅಳೆದ. ಅವಳು ಪಡಸಾಲೆಯಲ್ಲಿ ಮಗ್ಗದ ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ಅವನ ಟೇಪು ಕಂಬದ ಮೇಲಿತ್ತು, ಕಣ್ಣು ಅವಳ ಬೆರಳ ಮೇಲೆ.

"ಕಂಬ ಈ ಕಡಿ ಐತ್ರಿ," ಎಂದಳು.

ಅವನು ಕೆಂಪಾಗಿ ನಕ್ಕ. "ಲಗ್ನ ಕೆಡಸಾಕಂತನ ನನ್ನ ಕರಿಸೀರಿ. ಗೊತ್ತೈತಿ."

"ಗೊತ್ತಿದ್ದೂ ಬಂದ್ರಿ?"

"ನೀವು ಕರದ್ರಿ." ಟೇಪು ಸುತ್ತುತ್ತ ಹೇಳಿದ. "ಆ ಹುಡುಗಿ ಸುರಗಿ ಕೆಡಸಬ್ಯಾಡ್ರಿ. ಕೆಡಸೂದಿದ್ರ ಹಂದರಕ್ಕ ಬರಬ್ಯಾಡಂತ ನಿಮ್ಮತ್ತಿ ಹಾಕಿದ ಗೆರಿ ಕೆಡಸ್ರಿ."

ಅವಳ ಕೈಯಲ್ಲಿ ನೂಲು ಹರಿಯಿತು. ಗಂಟು ಹಾಕಲು ಬಹಳ ಹೊತ್ತು ಹಿಡಿಯಿತು.

ಲಗ್ನದ ದಿನ ಮನೆಯ ಮುಂದಿನ ಹಂದರದಲ್ಲಿ ಮೂರು ಮೂಲೆಗೆ ಹಿತ್ತಾಳೆ ಇಟ್ಟು, ನೀಲಕಂಠ ನಾಲ್ಕನೆಯದಕ್ಕೆ ಬೇಕೆಂದೇ ಚೀಲದಿಂದ ಸ್ಟೀಲು ತೆಗೆದ. ಬೀಗರ ಹೆಂಗಸರು ಘೊಳ್ಳೆಂದರು. "ಏನಬೇ ಹಾಲವ್ವ, ನಿಮ್ಮ ಮನ್ಯಾಗ ಒಂದು ಹಿತ್ತಾಳಿ ತಂಬಿಗೀನೂ ಇಲ್ಲೇನ?"

ಹಾಲವ್ವ ಅಡುಗೆಮನೆಗೆ ಓಡಿ ಬಂದಳು. "ಆ ತಂಬಿಗಿ ಕೊಡ ಇಲ್ಲಿ."

"ಯಾರದೋ ಅವರ ಕೈಯಾಗ ಕೊಡ್ತೀನ್ರಿ ಅತ್ತಿ. ಹೆಸರ ಐತಿ, ಓದ್ರಿ."

"ಹೊರಗ ಮಂದಿ ಕುಂತೈತಿ ಬೇ!"

"ಕುಂದ್ರಲಿ. ನನ್ನ ಮಾರಿ ನೋಡ್ಲಿ."

ಹೊರಗೆ ನಗು ಜೋರಾಗುತ್ತಿತ್ತು. ಹಾಲವ್ವ ಬಾಗಿಲು ಬಿಟ್ಟು ಸರಿದಳು.

ಸ್ನೇಹಾ ತಲೆ ಎತ್ತಿಕೊಂಡೇ ಹಂದರದ ನಡುವೆ ನಡೆದಳು. ನಗು ನಿಂತಿತು. ಅರಿಶಿನದ ಮೈಯಲ್ಲಿ ಕೂತಿದ್ದ ಕಾವ್ಯ, "ಬಾ ವೈನಿ," ಎಂದು ಸೆರಗು ಸರಿಸಿ ದಾರಿ ಬಿಟ್ಟಳು. ಖಾಲಿ ಮೂಲೆಯಲ್ಲಿ ನೀಲಕಂಠ ನಿಂತಿದ್ದ, ಕೈಯಲ್ಲಿ ಸುರಗಿಯ ನೂಲಿನ ಉಂಡೆ. ಅದು ಅವಳೇ ಸುತ್ತಿದ ನೂಲು.

"ಎಷ್ಟೊತ್ತಿಂದ ಹಿಡಕೊಂಡು ನಿಂತೀರಿ?" ಎಂದಳು ಮೆಲ್ಲಗೆ.

"ನೀವು ಫೋನ್ ಮಾಡಿದ ದಿನದಿಂದ."

ಕರೆವ್ವನ ಹೆಸರು ಅವನಿಗೆ ಕಾಣುವಂತೆ ತಿರುಗಿಸಿ, "ಗೌರೀಶ ಇಸಗೊಂಡಿದ್ರು," ಎಂದು ಎಲ್ಲರಿಗೂ ಕೇಳುವಂತೆ ಹೇಳಿ, ಸ್ನೇಹಾ ತಂಬಿಗೆಯನ್ನು ಅವನ ಕೈಗಿಟ್ಟಳು.