ಹೆಸರಿಲ್ಲದ ಕೈಗೆ ಕಟ್ಟಿದ ಗಂಟು

"ಹೆಸರ ಗೊತ್ತಿಲ್ದಾಂವಗ ಮಾಟ ಕಟ್ಟಬಾರದವ್ವಾ," ಎಂದಳು ಹನಮವ್ವ. "ಹೆಸರ ಇದ್ರ ಅದು ಒಂದ ಮನಿಗೆ ಹೋಗಿ ನಿಂದರತೈತಿ. ಇಲ್ಲಂದ್ರ ಹುಡುಕ್ಕೋಂತ ತಿರಗತೈತಿ. ಈ ಜಗಳದಾಗ ಹೆಸರ ಮುಚ್ಚಿಟ್ಟು ಬರದ ಕೈ ಎಷ್ಟ ಅದಾವೋ, ಅಷ್ಟಕ್ಕೂ ಹತ್ತತೈತಿ."

ರುಹಿಗೆ ನಗು ಬಂತು. ಹಿರೇವಡ್ಡಟ್ಟಿ ದಾಟಿ ಹೊಲದಂಚಿಗಿದ್ದ ಆ ತಗಡಿನ ಮನೆಗೆ ಕಿಟಕಿಯೇ ಇರಲಿಲ್ಲ. ಹೊರಗೆ ಉರಿಬಿಸಿಲು, ಒಳಗೆ ಬಾವಿಯ ತಳದಂಥ ಕತ್ತಲೆ. ಔಡಲೆಣ್ಣೆಯ ದೀಪದ ಕಮಟು, ಸುಟ್ಟ ಮೆಣಸಿನಕಾಯಿಯ ಘಾಟು, ಅದರಡಿಯಲ್ಲಿ ಯಾವುದೋ ಹಸಿ ಮಣ್ಣಿನ ವಾಸನೆ.

"ಆಯೀ, ನನಗ ಮಾಟ ಬ್ಯಾಡ, ಮಾಟದ ಫೋಟೊ ಬೇಕು," ಎಂದಳು. "ನೋಡಿದ್ರ ಹೆದರಿಕಿ ಬರೂವಂಥಾದ್ದು ಏನರ ಕಟ್ಟಿಕೊಡ್ರಿ. ಫೇಸ್‌ಬುಕ್ಕಿನ್ಯಾಗ ಹಾಕತೀನಿ. ಬರಿಯೂ ನನ್ಮಗ ಹೆದರಿ ಸುಮ್ಮನಾಗಬೇಕು, ಅಷ್ಟ."

"ಚ್ಯಾಷ್ಟಿಗೆ ಕಟ್ಟೂದಲ್ಲ ಇದು." ಮುದುಕಿ ದೀಪವನ್ನು ಎತ್ತಿ ಅವಳ ಮುಖಕ್ಕೆ ಹಿಡಿದಳು. "ನೀ ಎಂದರ ಹೆಸರ ಮುಚ್ಚಿಟ್ಟು ಯಾರ ಮ್ಯಾಲರ ಬರದೀಯೇನು?"

"ಇಲ್ಲ," ಎಂದಳು ರುಹಿ, ಒಂದು ಉಸಿರಿನಷ್ಟೂ ತಡಮಾಡದೆ.

ಅದು ಸುಳ್ಳಾಗಿತ್ತು.

ರುಹಿ ಮುಂಡರಗಿಗೆ ಬಂದು ಎಂಟು ತಿಂಗಳಾಗಿತ್ತು. ಬೆಟಗೇರಿಯ ನೇಕಾರ ಮಹಬೂಬಸಾಬನ ಕಿರಿ ಮಗಳು. ನಾಲ್ಕು ವರ್ಷದವಳಿದ್ದಾಗ ತಾಯಿ ಸತ್ತಳು. ಅವಳಿಗಿಂತ ಹದಿನಾಲ್ಕು ವರ್ಷ ದೊಡ್ಡವಳಾದ ಅಕ್ಕ ಅಲ್ಮಾಸಬಿಯೇ ಎತ್ತಿ ಬೆಳೆಸಿದಳು. ತಂಗಿಯನ್ನು ಬಿಟ್ಟು ಹೋಗಲಾರೆನೆಂದು ಬಂದ ಎರಡು ಸಂಬಂಧಗಳನ್ನೂ ಅಲ್ಮಾಸಬಿ ತಿರುಗಿಸಿ ಕಳಿಸಿದ್ದಳು. ತಂಗಿಯ ಮದುವೆಯಾಯಿತು, ಒಂದೂವರೆ ವರ್ಷಕ್ಕೆ ತಲಾಖೂ ಆಯಿತು. ಆಮೇಲೆ ಅಪ್ಪನೂ ತೀರಿಹೋದ. ಮಗ್ಗ ನಿಂತ ಆ ಮನೆಯಲ್ಲಿ ಅಕ್ಕ ನೂಲು ಸುತ್ತುತ್ತ, ತಂಗಿ ಹೊಲಿಗೆ ಹೊಲಿಯುತ್ತ ಇಬ್ಬರೇ ಉಳಿದರು. ಒಂದು ದಿನ ರುಹಿ ಅಕ್ಕನಿಗೆ, "ಆಪಾ, ನಾ ಮುಂಡರಗಿಯೊಳಗ ಕ್ಲಾಸ್ ಸುರು ಮಾಡತೀನಿ," ಎಂದಳು. ಆಪಾ ರಾಟೆ ನಿಲ್ಲಿಸಲಿಲ್ಲ. "ಹೋಗು," ಎಂದಳು, ಅಷ್ಟೆ.

ಸಾವಿತ್ರೆವ್ವ ಎಂಬವಳ ಮಹಡಿಯ ಮೇಲಿನ ಖೋಲಿಯಲ್ಲಿ ಎರಡು ಮಿಷಿನ್ನು ಹಾಕಿ ರುಹಿ ಹೊಲಿಗೆ ಕಲಿಸತೊಡಗಿದಳು. ಕುಪ್ಪಸದ ತೋಳು ಕೂರಿಸುವುದು, ಅಂಚು ಮಡಚುವುದು, ಎಲ್ಲವನ್ನೂ ವಿಡಿಯೊ ಮಾಡಿ ಹಾಕಿದಳು. ಇಪ್ಪತ್ತೆರಡು ಹೆಂಗಸರು ಕಲಿಯಲು ಬರುತ್ತಿದ್ದರು. ಆಗಲೇ 'ಖರೆ ಮಾತು' ಎಂಬ ಖಾತೆ ಹುಟ್ಟಿತು. ಮುಖವಿಲ್ಲ, ಊರಿಲ್ಲ. "ಗಂಡ ಬಿಟ್ಟಾಕಿ ಮಂದಿಗೆ ತೋಳ ಹಚ್ಚೂದ ಕಲಸಾಕ ಬಂದಾಳ," ಎಂದು ಸುರುವಾಗಿ, ಕೊನೆಗೆ ಅವಳ ವಿಡಿಯೊ ನೋಡುವ ಹೆಂಗಸರಿಗೆಲ್ಲ ಒಂದು ಸಂದೇಶ ಹೋಯಿತು: "ಅಳತಿ ತಗೋಳೂ ಮುಂದ ಈಕಿ ಕಳ್ಳತನಲೆ ವಿಡಿಯೊ ಮಾಡತಾಳ. ನಿಮ್ಮ ಹೆಣ್ಣಮಕ್ಕಳನ್ನ ಕಳಸಬ್ಯಾಡ್ರಿ."

ಹದಿನೈದು ದಿನದಲ್ಲಿ ಖೋಲಿ ಖಾಲಿಯಾಯಿತು. ಬೀದಿಯಲ್ಲಿ ಅವಳನ್ನು ಕಂಡರೆ ಹೆಂಗಸರು ಸೆರಗು ಸರಿಮಾಡಿಕೊಳ್ಳತೊಡಗಿದರು. ಪೊಲೀಸರು ದೂರು ಬರೆದುಕೊಂಡು, "ಕಂಪನಿಯವರಿಂದ ಉತ್ತರ ಬರಬೇಕ್ರಿ, ದಿನಾ ಹಿಡಿತಾವ," ಎಂದಿದ್ದರು. ಸಂಜೆ ಆರಕ್ಕೆ ಬರುವ ಆಪಾಳ ಫೋನೊಂದೇ ಅವಳಿಗೆ ಮನುಷ್ಯರ ದನಿ. "ಸಾಕ ಮಾಡ ರುಹಿ, ಮನಿಗೆ ಬಾ," ಎನ್ನುತ್ತಿದ್ದಳು ಆಪಾ, ದಿನವೂ.

ಆ ದಿನಗಳಲ್ಲೇ ರುಹಿ ತಾನೂ ಒಂದು ಕಳ್ಳ ಖಾತೆ ತೆರೆದಿದ್ದಳು. ಅವಳ ಮೊಬೈಲು ರಿಪೇರಿ ಮಾಡಿಕೊಟ್ಟ ನಯಾಜನ ಮೇಲೆ ಅವಳಿಗೆ ಗುಮಾನಿ. ಅವನ ಫೋಟೊ ಹಾಕಿ, "ಈ ಅಂಗಡಿಯಾಂವ ಹೆಣ್ಣಮಕ್ಕಳ ಫೋಟೊ ಕದೀತಾನ," ಎಂದು ಬರೆದಳು. ಮೂರು ದಿನದಲ್ಲಿ ಅವನ ಅಂಗಡಿಯ ಗಾಜು ಪುಡಿಯಾಯಿತು, ಮದುವೆ ಗೊತ್ತಾಗಿದ್ದ ಹೆಣ್ಣಿನ ಕಡೆಯವರು ಬೇಡವೆಂದರು, ಅವನು ಬೀಗ ಜಡಿದು ತಾಯಿಯಿದ್ದ ಲಕ್ಷ್ಮೇಶ್ವರಕ್ಕೆ ಹೋದ. ಹೋದ ಮೇಲೂ 'ಖರೆ ಮಾತು' ಬರೆಯುತ್ತಲೇ ಇತ್ತು. ಅವನಲ್ಲ ಎಂದು ರುಹಿಗೆ ಅಂದೇ ತಿಳಿಯಿತು. ಖಾತೆ ಅಳಿಸಿ ಸುಮ್ಮನಾದಳು. ಅಳಿಸಿದ್ದು ಅಳಿದೇ ಹೋಯಿತೆಂದು ತಿಳಿದಳು.

ಹನಮವ್ವನ ವಿಷಯ ಹೇಳಿದವಳು ಸಾವಿತ್ರೆವ್ವ. ಹೇಳುವಾಗಲೂ ಅವಳು ರುಹಿಯ ಮುಖ ನೋಡಿರಲಿಲ್ಲ.

ಮುದುಕಿ ಜಾಲಿಯ ಐದು ಒಣ ಕಡ್ಡಿಗಳನ್ನು ಬೆರಳಿನ ಹಾಗೆ ಜೋಡಿಸಿದಳು. 'ಖರೆ ಮಾತು' ಎಂಬ ಹೆಸರನ್ನು ಕಾಡಿಗೆಯಿಂದ ಚೀಟಿಯ ಮೇಲೆ ರುಹಿಯ ಕೈಯಿಂದಲೇ ಬರೆಸಿದಳು. ಚೀಟಿಯನ್ನು ಕಡ್ಡಿಗಳ ನಡುವೆ ಇಟ್ಟು ಕಪ್ಪು ದಾರ ಸುತ್ತಿ, ತುಟಿಯಲ್ಲೇ ಏನೋ ಅನ್ನುತ್ತ ಒಂದೊಂದೇ ಗಂಟು ಎಳೆದಳು. ದಾರ ಕಿರ್ರೆಂದಿತು. ಆ ಸದ್ದು ಕತ್ತಲೆಯಲ್ಲಿ ಬೇಕಾದ್ದಕ್ಕಿಂತ ದೊಡ್ಡದಾಗಿ ಕೇಳಿಸಿತು.

"ಬಿಡಿಸೂದು ಒಂದ ದಾರಿ ಐತಿ," ಎಂದಳು ಹನಮವ್ವ. "ಬರದಾಕಿ ತನ್ನ ಹೆಸರ ಹೇಳಿ, ಯಾರ ಮ್ಯಾಲೆ ಬರದಾಳೋ ಅವರ ಮುಂದ, ಬಾಯಿಬಿಟ್ಟು ಒಪ್ಪಗೋಬೇಕು. ಅವರ ಕಿವಿಗೆ ಬೀಳಬೇಕು. ಮೂರ ದಾರಿ ಕೂಡೂವಲ್ಲಿ ಇದನ್ನ ಹುಗದು ಹೋಗು. ಹೊಳ್ಳಿ ನೋಡಬ್ಯಾಡ."

ರುಹಿ ಫೋಟೊ ಹೊಡೆಯುವುದರಲ್ಲಿದ್ದಳು. ಮೂರು ದಾರಿ ಕೂಡುವಲ್ಲಿ ಚಪ್ಪಲಿಯ ತುದಿಯಿಂದ ಮಣ್ಣು ಕೆದರಿ ಗಂಟನ್ನು ಒಳಗೆ ತಳ್ಳಿದಳು, ಬಸ್ಸಿನಲ್ಲಿ ಕೂತು ಫೋಟೊ ಹಾಕಿದಳು. ಕೆಳಗೆ ಒಂದೇ ಸಾಲು: 'ಬರೆದ ಕೈ ಒಣಗಲಿ.'

ಅಂದಿನಿಂದ 'ಖರೆ ಮಾತು' ಮೌನವಾಯಿತು. ಒಂದು ದಿನ, ಎರಡು ದಿನ. ರುಹಿ ಒಬ್ಬಳೇ ಕೂತು ನಕ್ಕಳು. ಅಂಜುಬುರುಕ ನನ್ಮಗ.

ಮೂರನೆಯ ದಿನ ಸಂಜೆ ಅಸ್ತರಿನ ಬಟ್ಟೆ ಕತ್ತರಿಸುತ್ತಿದ್ದಾಗ ಬಲಗೈಯ ಕಿರುಬೆರಳು ಜೋಮು ಹಿಡಿಯಿತು. ತಿಕ್ಕಿದಳು. ಬಿಸಿ ನೀರಲ್ಲಿ ಅದ್ದಿದಳು. ಸೂಜಿ ಚುಚ್ಚಿ ನೋಡಿದಳು. ನೋವಿಲ್ಲ. ರಕ್ತವೂ ಇಲ್ಲ. ಕಿವಿಯ ಹತ್ತಿರ ಎಲ್ಲಿಯೋ ಕಿರ್ರೆಂದು ದಾರ ಬಿಗಿದ ಸದ್ದು. ಬಾಗಿಲು ಮುಚ್ಚಿದ್ದ ಖೋಲಿಯಲ್ಲಿ ಸುಟ್ಟ ಮೆಣಸಿನಕಾಯಿಯ ಘಾಟು ತುಂಬಿ ಕೆಮ್ಮು ಬಂತು. ಮರುದಿನ ಸಂಜೆ ಉಂಗುರಬೆರಳು. ಅದರ ಮರುದಿನ ನಡುಬೆರಳು. ಬಣ್ಣ ಜಾಲಿಯ ತೊಗಟೆಯದು. ಗದಗಿನ ಡಾಕ್ಟರು ಬೆರಳನ್ನು ಮಡಚಿ, ಬಿಚ್ಚಿ, ನರದ ಪರೀಕ್ಷೆ ಬರೆದುಕೊಟ್ಟರು. ಅವರ ಮುಖದಲ್ಲೂ ಏನೂ ತಿಳಿಯದ ಗಾಬರಿ ಇತ್ತು.

ಆಗ ಅವಳಿಗೆ ನಯಾಜ ನೆನಪಾದ. ಅವನು ನೆನಪಾಗುತ್ತಲೇ ಇನ್ನೊಂದು ಹೊಳೆಯಿತು. ಗಂಟು ಹುಗಿದ ದಿನದಿಂದ ಆಪಾಳ ಫೋನು ಬಂದೇ ಇರಲಿಲ್ಲ. ಮೊದಲು 'ಖರೆ ಮಾತು' ಸುಮ್ಮನಾದ ಖುಷಿಯಲ್ಲಿ, ಆಮೇಲೆ ಕೈಯ ಗಾಬರಿಯಲ್ಲಿ ಅದು ಅವಳ ಲಕ್ಷ್ಯಕ್ಕೇ ಬಂದಿರಲಿಲ್ಲ.

ತಾನೇ ಫೋನು ಮಾಡಿದಳು. ರಿಂಗಾಯಿತು, ಯಾರೂ ಎತ್ತಲಿಲ್ಲ. ಡಾಕ್ಟರ ಚೀಟಿಯನ್ನು ಕೈಯಲ್ಲೇ ಹಿಡಿದು ಬೆಟಗೇರಿಯ ಆಟೊ ಹತ್ತಿದಳು.

ಹೊತ್ತು ಮುಳುಗುತ್ತಿತ್ತು. ಓಣಿಯಲ್ಲಿ ಕರೆಂಟು ಹೋಗಿತ್ತು. ಮನೆಯ ಬಾಗಿಲು ಬರೇ ಮುಂದಕ್ಕೆ ಎಳೆದಿತ್ತು. ತಳ್ಳಿದೊಡನೆ ಅದೇ ಘಾಟು, ಅದೇ ಹಸಿ ಮಣ್ಣು. ಮಗ್ಗದ ಕುಣಿಯ ಪಕ್ಕದಲ್ಲಿ, ರಾಟೆಯ ಮುಂದೆ ಆಪಾ ಕೂತಿದ್ದಳು. ರಾಟೆ ತಿರುಗುತ್ತಿರಲಿಲ್ಲ. ಬಲಗೈಯನ್ನು ದುಪಟ್ಟಿಯಲ್ಲಿ ಸುತ್ತಿ ಮಡಿಲಲ್ಲಿ ಇಟ್ಟುಕೊಂಡಿದ್ದಳು.

"ಬಂದೆ?" ಎಂದಳು. ಆ ಕತ್ತಲೆಯಲ್ಲೂ ಅವಳ ದನಿಯಲ್ಲಿ ಸಂತೋಷವಿತ್ತು. "ನಾ ಹೇಳಿದ್ನಿಲ್ಲ, ನೀ ಬರತಿ ಅಂತ."

"ಕೈ ತೋರಸು ಆಪಾ."

"ಏನೂ ಆಗಿಲ್ಲ. ನೂಲಿನ ಗಾಯ."

ತೆರೆದ ಬಾಗಿಲಿನ ಮಬ್ಬು ಬೆಳಕಿನಲ್ಲಿ ರುಹಿ ದುಪಟ್ಟಿ ಎಳೆದಳು. ಐದೂ ಬೆರಳು ಕಪ್ಪು, ಐದೂ ಕಡ್ಡಿ. ಕಪ್ಪು ಮೊಣಕೈ ದಾಟಿ ಮೇಲೆ ಏರಿತ್ತು. ರಾಟೆಯ ಪಕ್ಕದಲ್ಲಿ ಆಪಾಳ ಮೊಬೈಲು ಬಿದ್ದಿತ್ತು. ಆ ಮೊಬೈಲನ್ನು ಆಪಾಳಿಗೆ ತಂದುಕೊಟ್ಟವಳು ರುಹಿಯೇ. ಒಂದೊಂದೇ ಅಕ್ಷರ ಒತ್ತುವುದನ್ನು ಪಕ್ಕದಲ್ಲಿ ಕೂತು ಕಲಿಸಿದವಳೂ ಅವಳೇ.

"ನೀನ ಬರದೀ."

"ನಾ ಬರದಿಲ್ಲ."

"ಆಪಾ, ನಾ ಬೈಯೂದಿಲ್ಲ. ಒಂದ ಮಾತು. ನಿನ್ನ ಹೆಸರ ಹೇಳಿ, ನಾನ ಬರದೆ ಅನ್ನು. ಅಂದ್ರ ಇದು ನಿಲ್ಲತೈತಿ."

ಆಪಾ ಇಲ್ಲವೆಂದು ತಲೆಯಾಡಿಸಿದಳು.

"ನಾನೂ ಬರದೀನಿ ಆಪಾ." ರುಹಿ ತನ್ನ ಕೈಯನ್ನು ಅವಳ ಕಣ್ಣಮುಂದೆ ಹಿಡಿದಳು. "ನೋಡಿಲ್ಲಿ. ಒಬ್ಬ ಪಾಪದವನ ಬಾಳೇ ಹಾಳ ಮಾಡೀನಿ. ನಾ ಹೋಗಿ ಅವನ ಮುಂದ ಹೇಳತೀನಿ. ನೀ ನನ್ನ ಮುಂದ ಹೇಳು."

ಆಪಾ ಆ ಕೈಯನ್ನು ನೋಡಿದಳು. ಮುಟ್ಟಿದಳು, ಎಡಗೈಯಿಂದ, ಚಿಕ್ಕಂದಿನಲ್ಲಿ ಜ್ವರ ಬಂದಾಗ ಮುಟ್ಟುತ್ತಿದ್ದ ಹಾಗೆ.

"ಹೇಳಿದ್ರ ನೀ ಹೋಗತಿ," ಎಂದಳು. "ಆ ಮ್ಯಾಲೆ ಎಂದೂ ಬರೂದಿಲ್ಲ. ಈ ಮನ್ಯಾಗ ದಿನಾ ನಾ ಒಬ್ಬಾಕಿನ ಅದೀನಿ ರುಹಿ. ಆರ ಗಂಟೇಕ ನಿನ್ನ ದನಿ ಕೇಳತಿದ್ದೆ. ಅದಾದ ಮ್ಯಾಲೆ ಹೊತ್ತು ಹೋಗತಿದ್ದಿಲ್ಲ. ಅಲ್ಲಿ ನಿನಗ ಯಾರೂ ಉಳೀಲಿಲ್ಲಂದ್ರ…"

"ಹೆಸರ ಹೇಳ ಆಪಾ."

ಕಿರ್ರ್.

ಇಬ್ಬರಿಗೂ ಕೇಳಿಸಿತು. ದೀಪವಿಲ್ಲ. ಗಾಳಿಯಿಲ್ಲ. ದಾರ ಬಿಗಿಯಿತು. ರುಹಿಯ ತೋರುಬೆರಳು ಸತ್ತಿತು. ಆಪಾಳ ಭುಜ ಕಪ್ಪಾಯಿತು. ಕಿರ್ರ್. ಕಪ್ಪು ಕತ್ತಿಗೆ ಹತ್ತಿತು. ನರದ ಹಾಗೆ. ಬೇರಿನ ಹಾಗೆ. ಘಾಟು ಕಣ್ಣಿಗೆ ಹೊಕ್ಕಿತು. ಈಗ ಆಪಾಳ ಕಣ್ಣಲ್ಲಿ ಹೆದರಿಕೆ. ಈಗ ಹೇಳಬೇಕೆಂದು ಅನಿಸಿತು ಅವಳಿಗೆ. ಬಾಯಿ ತೆರೆದಳು.

ದನಿ ಇರಲಿಲ್ಲ.

ತುಟಿ ಕೂಡಿದವು, ಬಿಚ್ಚಿದವು. ನಾ. ಅಲ್ಮಾಸ. ನಾನ ಬರದೆ. ರುಹಿ ತುಟಿಯ ಮೇಲಿನ ಪ್ರತಿ ಅಕ್ಷರವನ್ನೂ ಓದಿದಳು. ಕೇಳಿದೆ ಎಂದು ಕೂಗಿದಳು. ಕೇಳಿದೆ ಆಪಾ, ಕೇಳಿದೆ. ಕಿವಿಯನ್ನು ಆ ಬಾಯಿಗೆ ಒತ್ತಿದಳು. ಉಸಿರಷ್ಟೇ ತಾಗಿತು. ಮತ್ತೆ ಕಿರ್ರ್. ಉಸಿರೂ ಇಲ್ಲ.

ಕರೆಂಟು ಬಂದಾಗ ಓಣಿಯವರು ಬಂದಿದ್ದರು. ಮೈ ತೊಳೆಸಲು ಬಂದ ಹೆಂಗಸರು ಆ ಕೈ ನೋಡಿ ಹಿಂದೆ ಸರಿದು, ಹಾವು ಕಡಿಯಿತೇನೋ ಎಂದರು. ಮಾಟ ಮಾಡಿಸುವವರನ್ನು ಅಲ್ಲಾ ಮೆಚ್ಚುವುದಿಲ್ಲ ಎಂದು ರುಹಿಗೆ ಚಿಕ್ಕಂದಿನಲ್ಲಿ ಹೇಳಿಕೊಟ್ಟವಳು ಬಿಳಿ ಬಟ್ಟೆಯೊಳಗೆ ಮಲಗಿದ್ದಳು.

ಮರುದಿನ ಮಣ್ಣು ಮುಗಿದ ಮೇಲೆ ರುಹಿ ನೆಟ್ಟಗೆ ಲಕ್ಷ್ಮೇಶ್ವರದ ಬಸ್ಸು ಹತ್ತಿದಳು. ಅಂಗೈ ಅಷ್ಟೂ ಕಪ್ಪಾಗಿ, ಮಣಿಕಟ್ಟಿನ ಮೇಲೆ ತಣ್ಣಗೆ ಏನೋ ಹರಿಯುತ್ತಿತ್ತು. ಕೇಳುತ್ತ ಕೇಳುತ್ತ ಹೋಗಿ ಒಂದು ಬಾಗಿಲು ಬಡಿದಳು. ನಯಾಜನೇ ತೆಗೆದ. ಗಡ್ಡ ಬಿಟ್ಟಿದ್ದ, ಸೊರಗಿದ್ದ. ಮುಂಡರಗಿಯವಳೆಂದು ಗುರುತಿಸಿ ಬಾಗಿಲು ಮುಚ್ಚಲು ಹೋದ.

"ನಿಮ್ಮ ಮ್ಯಾಲೆ ಬರದಾಕಿ ನಾನ," ಎಂದಳು. "ನಾ ರುಹಿ. ಬೆಟಗೇರಿ ಮಹಬೂಬಸಾಬರ ಮಗಳು. ನೀವು ಏನೂ ಮಾಡಿದ್ದಿಲ್ಲ. ಸುಳ್ಳ ಬರದೆ."

ಅವನು ಮತ್ತೆ ಬಾಗಿಲು ತೆರೆದ. ಆಮೇಲೆ ಬೀದಿಯ ಕಡೆ ಕೈ ತೋರಿಸಿದ.

"ನೀವು ಬರದಾಗ ಊರಿಗೇ ಕೇಳಸಿತ್ತು," ಎಂದ. "ಈಗ ನನಗ ಒಬ್ಬಗ ಹೇಳಿದ್ರ ಹೆಂಗ? ಅಲ್ಲಿ ನಿಂತ ಹೇಳ್ರಿ."

ರುಹಿ ಬೀದಿಗೆ ಇಳಿದಳು. ನೀರು ತರುತ್ತಿದ್ದವರು ನಿಂತರು. ಕಟ್ಟೆಯ ಮೇಲಿದ್ದವರು ಎದ್ದರು. ಅವಳು ತನ್ನ ಹೆಸರು ಹೇಳಿದಳು, ಅಪ್ಪನ ಹೆಸರು ಹೇಳಿದಳು, ಬರೆದದ್ದನ್ನು ಒಂದಕ್ಷರವೂ ಬಿಡದೆ ಹೇಳಿದಳು. ಯಾರೋ ಉಗುಳಿದ ಸದ್ದು ಕೇಳಿಸಿತು. ಇನ್ನಾರೋ ಮೊಬೈಲು ಎತ್ತಿ ಹಿಡಿದಿದ್ದರು. ಅವಳು ಮುಖ ಮುಚ್ಚಿಕೊಳ್ಳಲಿಲ್ಲ.

"ಕೇಳಿದೆ," ಎಂದ ನಯಾಜ. "ಮಾಫ್ ಮಾಡೀನಿ ಅಂತ ತಿಳಕೋಬ್ಯಾಡ್ರಿ."

ಬಾಗಿಲು ಮುಚ್ಚಿತು. ಮಣಿಕಟ್ಟಿನ ಮೇಲೆ ಹರಿಯುತ್ತಿದ್ದ ತಣ್ಣನೆಯದು ಅಲ್ಲಿಯೇ ನಿಂತಿತು. ಮುಂದೆ ಏರಲಿಲ್ಲ. ಹಿಂದೆಯೂ ಇಳಿಯಲಿಲ್ಲ. ಆ ಕೈ ಇನ್ನೆಂದೂ ಕತ್ತರಿ ಹಿಡಿಯಲಿಲ್ಲ.

ಗದಗಿನ ಬಸ್ಸಿನಲ್ಲಿ ಪಕ್ಕದಲ್ಲಿ ಕೂತ ಹೆಂಗಸು ಎಲೆಯಡಿಕೆ ಮಡಚುತ್ತ ಮಾತಿಗೆಳೆದಳು.

"ಯಾವೂರಾತವ್ವಾ?"

"ಬೆಟಗೇರಿ ರೀ."

"ಮನ್ಯಾಗ ಯಾರ್ಯಾರ ಅದೀರಿ?"

ರುಹಿ ಕಿಟಕಿಯಾಚೆ ನೋಡಿದಳು. ಎರೆಹೊಲಗಳು ಒಂದರ ಹಿಂದೊಂದು ಸರಿಯುತ್ತಿದ್ದವು. ಮೊಬೈಲು ಮಡಿಲಲ್ಲೇ ಇತ್ತು. ಆರು ಗಂಟೆಯಾಗಿ ಹೋಗಿತ್ತು.

"ನಾ ಒಬ್ಬಾಕಿನ್ರಿ," ಎಂದಳು.