ಘಾಟಿಲ್ಲದ ಹೊಗೆ

"ಬಾಯಾರ, ಬೈರಿ, ಬುದ್ಧಿ ಹೇಳ್ರಿ, ಏನರ ಮಾಡ್ರಿ. ಆ ಕೂಸಿನ ಕಡಿಂದ ಆಣಿ ಮಾತ್ರ ಮಾಡಿಸಬ್ಯಾಡ್ರಿ," ಎಂದಳು ಉಡಚವ್ವ. "ಅದು ಒಮ್ಮೆ ಆಣಿ ಮಾಡ್ತಂದ್ರ ಜೀವಾ ಹೋದ್ರೂ ಮುರಿಯಂಗಿಲ್ಲ. ಕಟ್ಟಿದವರ ಬಾಯಿಲೇ ಬಿಚ್ಚಬೇಕು. ಬಿಚ್ಚಿದವರಿಗೆ ಉರಿಯಾಗ ಪಾಲು ಬರ್ತೈತಿ."

ಜ್ಯೋತ್ಸ್ನಾಗೆ ನಗು ತಡೆಯಲಾಗಲಿಲ್ಲ. ಹಾವೇರಿಯ ಮಕ್ಕಳ ರಕ್ಷಣೆಯ ಕಚೇರಿಗೆ ಹೊಸದಾಗಿ ಬಂದ ಅಧಿಕಾರಿ ಅವಳು. ಬ್ಯಾಡಗಿಯ ಮಾಸ್ತರನೊಬ್ಬ ಕೊಟ್ಟ ದೂರು ವಿಚಾರಿಸಲು ಬಂದಿದ್ದಳು. ಉಡಚವ್ವನ ಮೊಮ್ಮಗಳು ಕರೆವ್ವ, ಹತ್ತು ವರ್ಷದ ಹುಡುಗಿ, ತನ್ನ ಮೇಲೆ ಕೈಯೆತ್ತಿದವರನ್ನು ಬರೀ ನೋಡಿ ಸುಡುತ್ತಾಳಂತೆ. ಬೆತ್ತ ಹಿಡಿದಿದ್ದ ಮಾಸ್ತರನ ಅಂಗೈ ತುಂಬ ಬೊಬ್ಬೆ ಎದ್ದಿದ್ದವಂತೆ.

ದೃಷ್ಟಿ ತೆಗೆದು ಕೆಂಡಕ್ಕೆ ಹಾಕಿದ ಮೆಣಸಿನಕಾಯಿ ಘಾಟು ಬರದಿದ್ದರೆ ದೃಷ್ಟಿ ತಾಗಿದ್ದು ಖರೆ ಎಂದು ಎಲ್ಲ ಮನೆಗಳಲ್ಲೂ ನಂಬುತ್ತಾರೆ. ಈ ಮನೆಯಲ್ಲಿ ಅದರ ಅರ್ಥವೇ ಬೇರೆ. ಘಾಟು ಬರಲಿಲ್ಲವೆಂದರೆ ಅದು ಕರೆವ್ವನ ಕಣ್ಣಿಗೆ ಸೇರಿತು. ಅಲ್ಲಿಂದ ಯಾರ ಮೈಗೆ ಇಳಿಯುತ್ತದೋ ಆ ಶಿವನೇ ಬಲ್ಲ.

"ಮೆಣಸಿನಕಾಯಿ ಊರಾಗ ಕೈ ಉರಿಯೋದು ದೊಡ್ಡ ಪವಾಡೇನಜ್ಜಿ?" ಎಂದಳು ಜ್ಯೋತ್ಸ್ನಾ. ಉಡಚವ್ವ ನಗಲಿಲ್ಲ.

ಕರೆವ್ವ ಕಂಬಕ್ಕೊರಗಿ ನಿಂತಿದ್ದಳು. ಎರಡು ಜಡೆ, ಅದರಲ್ಲೊಂದು ಬಿಚ್ಚಿಕೊಂಡಿತ್ತು. ಮೊಣಕಾಲಿನ ಕೆಳಗೆ ಬೆತ್ತದ ಬಾಸುಂಡೆ ಇನ್ನೂ ಕಪ್ಪಾಗಿತ್ತು. ಜ್ಯೋತ್ಸ್ನಾ ಅದನ್ನು ನೋಡಿದಳು, ಮಾಸ್ತರನ ಮೇಲೂ ಕೇಸು ಹಾಕಬೇಕೆಂದುಕೊಂಡಳು. ಆದರೆ ಮೊದಲು ಹುಡುಗಿಗೆ ಬುದ್ಧಿ ಹೇಳಬೇಕಲ್ಲ! ಜ್ಯೋತ್ಸ್ನಾಳ ಅಜ್ಜ ಬಾಳಕೃಷ್ಣರಾಯರು ಹೊಸರಿತ್ತಿಯಲ್ಲಿ ಮಕ್ಕಳಿಗೆ ಚರಕದಲ್ಲಿ ನೂಲು ತೆಗೆಯಲು ಕಲಿಸಿದವರು. ಎತ್ತಿದ ಕೈಯಿಂದ ಯಾರೂ ಏನೂ ಗೆಲ್ಲಲಿಲ್ಲ ಎಂಬ ಮಾತನ್ನು ಅವರ ತೊಡೆಯ ಮೇಲೆ ಕೂತು ಕೇಳಿದವಳು ಅವಳು.

"ಅವ್ರು ಮೊದ್ಲ ಹೊಡದ್ರರಿ," ಎಂದಳು ಕರೆವ್ವ.

"ಅವರು ಹೊಡದ್ರೂ ನೀ ಹೊಡೀಬಾರದವಾ."

"ಹಂಗಾರ ನನ್ನ ಬಿಡಸಾಕ ಯಾರ ಬರ್ತಾರ್ರಿ?"

"ನಾ ಬರ್ತೀನಿ," ಎಂದಳು ಜ್ಯೋತ್ಸ್ನಾ, ಕೈ ಚಾಚಿ. "ಯಾರಿಗೂ ಏನೂ ಮಾಡೋದಿಲ್ಲಂತ ಆಣಿ ಮಾಡು."

ಹುಡುಗಿ ಬಹಳ ಹೊತ್ತು ಅವಳ ಮುಖವನ್ನೇ ನೋಡಿ ಅಂಗೈ ಮೇಲೆ ಅಂಗೈ ಇಟ್ಟಳು. ಆಗಷ್ಟೇ ರೊಟ್ಟಿ ಬೇಯಿಸಿದ ಕೈಯಂತೆ ಬೆಚ್ಚಗಿತ್ತು. ಉಡಚವ್ವ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು.

ಬಾಗಿಲಲ್ಲಿ ನಿಂತಿದ್ದ ಅಂದಾನೆಪ್ಪ ಎಲ್ಲವನ್ನೂ ನೋಡಿದ. ಉಡಚವ್ವನ ಹಿರಿಯ ಮಗ, ಕರೆವ್ವನ ದೊಡ್ಡಪ್ಪ ಅವನು, ಮೆಣಸಿನಕಾಯಿ ವ್ಯಾಪಾರಿ. ತಂದೆತಾಯಿಯಿಲ್ಲದ ಹುಡುಗಿ ಅವನ ಮನೆಯಲ್ಲೇ ಇದ್ದಳು. ಅಷ್ಟು ದಿನ ಅವಳೆದುರು ಕಣ್ಣೆತ್ತದ ಮನುಷ್ಯ ಅಂದು ಹತ್ತಿರ ಬಂದು ತಲೆ ಸವರಿದ. "ಭಾಳ ಚಲೋ ಕೆಲಸ ಮಾಡಿದ್ರಿ ಬಾಯಾರ. ಚಾ ಕುಡದ ಹೋಗ್ರಿ," ಎಂದ. ನಮ್ಮ ಅಧಿಕಾರಿ ಬಾಯಾರು ಹಿಗ್ಗಿ ಚಹಾ ಕುಡಿದು ಹಾವೇರಿಗೆ ಮರಳಿದರು.

ಮುಂದಿನ ವಾರ ಉಡಚವ್ವನ ಫೋನು ಬಂತು. "ಬರ್ತೀನಂದಿದ್ರಲ್ಲಾ. ಕೂಸಿನ್ನ ಗೋದಾಮಿನ್ಯಾಗ ಹಾಕಿ ಏನೋ ಪೂಜಿ ಹೂಡ್ಯಾರ. ಬರ್ರಿ. ಲಗೂ ಬರ್ರಿ."

ಜ್ಯೋತ್ಸ್ನಾ ಪೊಲೀಸರಿಗೆ ಫೋನು ಮಾಡಿದಳು. ಮನೆಯ ಪೂಜೆಯೇನೋ ಇರಬೇಕು, ಗಾಡಿ ಬಂದ ಮೇಲೆ ನೋಡೋಣ ಎಂದರು. ಅವಳು ಕಾಯದೆ ಸ್ಕೂಟರ್ ಹತ್ತಿದಳು. ರಣಗುಡುವ ಮಧ್ಯಾಹ್ನ. ಮನೆಯ ಹಿಂದಿನ ಗೋದಾಮಿನ ಹೊರಗೆ ಉಡಚವ್ವ ನೆಲದ ಮೇಲೆ ಕುಸಿದು ಕುಳಿತಿದ್ದಳು.

"ಅಂದಾನೆಪ್ಪ ಐರಣಿ ಕಡಿಂದ ಮಾಟಗಾರನ್ನ ಕರಸ್ಯಾನ. ಕೂಸಿನ ನಾಲಿಗೀಗೆ ಬರಿ ಹಾಕ್ತಾರಂತ. ಒಲ್ಲೆ ಅನ್ನೂ ನಾಲಿಗಿ ಸುಟ್ರ ಕಣ್ಣು ತಾವಾಗೇ ಮಾತು ಕೇಳ್ತಾವಂತ. ಆಮ್ಯಾಲ ನನ್ನ ಮಗಾ ಯಾರನ್ನ ತೋರಸ್ತಾನ, ಅವರು ಸುಟ್ಟ ಹೋಗ್ತಾರ." ಮುದುಕಿ ಎದೆಯ ಮೇಲೆ ಗುದ್ದಿಕೊಂಡಳು. "ಇಷ್ಟ ದಿನ ಅಂಜಿ ದೂರ ಇದ್ದಾ. ನೀವು ಅದರ ಕೈಕಾಲು ಕಟ್ಟಿ ಕೊಟ್ರಿ."

ಜ್ಯೋತ್ಸ್ನಾ ಬಾಗಿಲು ತಳ್ಳಿ ಒಳಗೆ ನುಗ್ಗಿದಳು.

ಒಳಗೆ ಹಗಲೇ ಇರಲಿಲ್ಲ. ಕಿಟಕಿಗಳಿಗೆಲ್ಲ ಗೋಣಿತಟ್ಟು ಜಡಿದಿದ್ದರು. ಸೂರಿನವರೆಗೆ ಒಟ್ಟಿದ ಚೀಲಗಳ ನಡುವೆ ಒಂದು ಶೆಗಡಿಯ ಕೆಂಡ ಮಾತ್ರ ಕೆಂಪಗೆ ಉಸಿರಾಡುತ್ತಿತ್ತು. ಒಣಮೆಣಸಿನಕಾಯಿಯ ಸಿಹಿ ವಾಸನೆ, ಸುಟ್ಟ ಕೂದಲಿನ ಕಮಟು, ಹಸಿ ನಿಂಬೆಯ ಹುಳಿ. ಎಲ್ಲೋ ಗೊಣಗುಟ್ಟುವ ದನಿ. ಮುಖಕ್ಕೆ ಬಟ್ಟೆ ಕಟ್ಟಿದ್ದ ಮಾಟಗಾರ ಕೊಟ್ರೇಶ ಮಂತ್ರ ಹೇಳುತ್ತ ಕೆಂಡದೊಳಗೆ ತಾಮ್ರದ ಸೂಜಿಯೊಂದನ್ನು ತಿರುವುತ್ತಿದ್ದ. ಅವನೆದುರು, ಬೋರಲು ಹಾಕಿದ ಬುಟ್ಟಿಯ ಮೇಲೆ, ಕರೆವ್ವ.

"ನಿಲ್ಲಸ್ರಿ! ಪೊಲೀಸರು ಬರ್ಲಿಕ್ಕತ್ತಾರ!"

ಹಿಂದೆ ಅಗಳಿ ಬಿದ್ದ ಸದ್ದು. ಅಂದಾನೆಪ್ಪ ಅವಳ ಎರಡೂ ತೋಳುಗಳನ್ನು ಹಿಂದಕ್ಕೆ ತಿರುಚಿ ಹಿಡಿದ. "ಬರ್ಲಿ ಬಿಡ್ರಿ. ಅಷ್ಟರಾಗ ಮುಗೀತೈತಿ," ಎಂದ ಕಿವಿಯ ಹತ್ತಿರ.

ಕೊಟ್ರೇಶ ಒಂದು ಹಿಡಿ ಮೆಣಸಿನಕಾಯಿ ಕೆಂಡಕ್ಕೆ ಸುರಿದ. ಘಾಟು ಗೋಡೆಯಂತೆ ಎದ್ದಿತು. ಜ್ಯೋತ್ಸ್ನಾಳ ಗಂಟಲು ಕಟ್ಟಿತು, ಕಣ್ಣುಗಳು ಕಿತ್ತುಬರುವಂತೆ ಉರಿದವು, ಅಂದಾನೆಪ್ಪನೂ ಅವಳ ಬೆನ್ನ ಮೇಲೇ ಕೆಮ್ಮಿದ. ಹುಡುಗಿ ಕೆಮ್ಮಲೂ ಇಲ್ಲ, ಅಳಲೂ ಇಲ್ಲ. ಜ್ಯೋತ್ಸ್ನಾಳ ಕಡೆ ನೋಡಿದಳು.

"ಅಕ್ಕಾರ, ನಾ ಏನೂ ಮಾಡಿಲ್ಲರಿ," ಎಂದಳು. ಶಾಲೆಯಲ್ಲಿ ಹೋಮ್‌ವರ್ಕ್ ತೋರಿಸುವ ದನಿಯಲ್ಲಿ. "ಆಣಿ ಮಾಡೀನಲ್ರಿ."

ಜ್ಯೋತ್ಸ್ನಾಳಿಗೆ ಅಜ್ಜ ನೆನಪಾದರು. ಅಜ್ಜ ಸುಳ್ಳು ಹೇಳಿದವರಲ್ಲ, ಆದರೆ ಚಳವಳಿಯಲ್ಲಿ ಪೆಟ್ಟು ಬೀಳುವ ಕಡೆ ಅಜ್ಜ ತಾವೇ ಹೋಗಿ ನಿಂತಿದ್ದರು. ಇವಳು ತನ್ನ ಜಾಗದಲ್ಲಿ ಒಂದು ಮಗುವನ್ನು ನಿಲ್ಲಿಸಿ ಹಾವೇರಿಗೆ ಹೋಗಿ ನಿದ್ದೆ ಮಾಡಿದ್ದಳು. ನಾಚಿಕೆ ಅವಳ ಮೈಯನ್ನೆಲ್ಲ ಸುಟ್ಟಿತು. ಅದರ ಹಿಂದೆಯೇ ಸಿಟ್ಟು ಬಂತು.

ಕೊಟ್ರೇಶ ಸೂಜಿ ಎತ್ತಿದ. ತುದಿ ಕೆಂಪಾಗಿತ್ತು. ಎಡಗೈಯಿಂದ ಹುಡುಗಿಯ ದವಡೆ ಒತ್ತಿದ. ಬಾಯಿ ತೆರೆಯಿತು. ಪುಟ್ಟ ನಾಲಗೆ ಕಂಡಿತು.

"ಬಿಟ್ಟೆ!" ಜ್ಯೋತ್ಸ್ನಾ ಕಿರುಚಿದಳು. "ಆಣಿ ಬಿಟ್ಟೆ! ಕರೆವ್ವಾ, ನಿನ್ನ ಕಾಯ್ಕೋ! ಹೊಡಿ!"

ಘಾಟು ನಿಂತಿತು.

ಕೆಂಡದ ಮೇಲೆ ಮೆಣಸಿನಕಾಯಿ ಸುಡುತ್ತಲೇ ಇತ್ತು. ಹೊಗೆ ಏಳುತ್ತಲೇ ಇತ್ತು. ವಾಸನೆ ಇಲ್ಲ. ಉರಿ ಇಲ್ಲ. ಕೆಮ್ಮು ಇಲ್ಲ. ಮಂತ್ರವೂ ನಿಂತಿತು. ಕೊಟ್ರೇಶನ ಕೈಯಿಂದ ಸೂಜಿ ಜಾರಿತು. ಅವನು ಮುಖದ ಬಟ್ಟೆ ಹರಿದುಕೊಂಡ. ಬಾಯಿ ತೆರೆದ. ಬಾಯಿಂದ ದನಿ ಬರಲಿಲ್ಲ, ಹೊಗೆ ಬಂತು. ಜ್ಯೋತ್ಸ್ನಾಳ ತೋಳು ಬಿಟ್ಟುಹೋಯಿತು. ಹಿಂದೆ ಅಂದಾನೆಪ್ಪ ಅರಚುತ್ತಿದ್ದ. "ಕಣ್ಣು, ನನ್ನ ಕಣ್ಣು!" ಜ್ಯೋತ್ಸ್ನಾಳ ಬಲ ಅಂಗೈಯೊಳಗೆ ಯಾರೋ ಕೆಂಡವಿಟ್ಟು ಮುಷ್ಟಿ ಮುಚ್ಚಿದಂತಾಯಿತು. ಅವಳು ಮಂಡಿಯೂರಿದಳು. ಚರ್ಮ ಬಿರಿಯುವುದು ಕಾಣಿಸಿತು. ಬಿಚ್ಚಿದವಳ ಪಾಲು ಬಂದಿತ್ತು.

"ಯವ್ವಾ, ನಾ ನಿಮ್ಮ ದೊಡ್ಡಪ್ಪನಽ!" ಅಂದಾನೆಪ್ಪ ನೆಲದ ಮೇಲೆ ತೆವಳುತ್ತಿದ್ದ. "ಬಿಡಽ ಯವ್ವಾ!"

ಕರೆವ್ವ ಅವನ ಕಡೆ ತಿರುಗಿದಳು. ಅವಳ ಕಣ್ಣಿನಲ್ಲಿ ಕಪ್ಪೇ ಇರಲಿಲ್ಲ. ಎರಡೂ ಕೆಂಡ. ಇನ್ನೊಂದು ಗಳಿಗೆ ನೋಡಿದ್ದರೆ ಅವನು ಬೂದಿಯಾಗುತ್ತಿದ್ದ.

"ಸಾಕವಾ," ಎಂದಳು ಜ್ಯೋತ್ಸ್ನಾ. ಆಣೆ ಹಾಕಲಿಲ್ಲ, ಅಪ್ಪಣೆ ಮಾಡಲಿಲ್ಲ. ಕೇಳಿಕೊಂಡಳು. "ನೀ ಉಳದಿ. ಇನ್ನ ಸಾಕು."

ಹುಡುಗಿ ಕಣ್ಣು ಮುಚ್ಚಿಕೊಂಡಳು. ಘಾಟು ಮತ್ತೆ ಎದ್ದಿತು. ಎಲ್ಲರೂ ಕೆಮ್ಮಿದರು. ಮೊದಲ ಸಲ ಕರೆವ್ವನೂ ಕೆಮ್ಮಿದಳು, ಕೆಮ್ಮುತ್ತ ಕೆಮ್ಮುತ್ತ ಅತ್ತಳು.

ಕೊಟ್ರೇಶ ಇನ್ನೆಂದೂ ಮಾತಾಡುವುದಿಲ್ಲ. ಅಂದಾನೆಪ್ಪನ ಒಂದು ಕಣ್ಣು ಹೋಗಿದೆ. ಪೊಲೀಸರು ಅವನನ್ನು ಒಯ್ದಿದ್ದೂ ಆಯಿತು. ಜ್ಯೋತ್ಸ್ನಾಳ ಅಂಗೈ ಯಾವ ಮುಲಾಮಿಗೂ ಮಾಯುತ್ತಿಲ್ಲ. ಪೆನ್ನು ಹಿಡಿಯಲಾರಳು, ತುತ್ತು ಕಲಸಲಾರಳು. ಹಗಲೂ ರಾತ್ರಿ ಉರಿ.

ಇಷ್ಟಾದ ಮೇಲೆ ಊರ ಹಿರಿಯರು ಉಡಚವ್ವನ ಪಡಸಾಲೆಯಲ್ಲಿ ಸೇರಿದರು. ಜ್ಯೋತ್ಸ್ನಾಳ ಮೇಲಧಿಕಾರಿ ವೀರೇಂದ್ರನೂ ಹಾವೇರಿಯಿಂದ ಬಂದಿದ್ದ. ಮಾಟವನ್ನೆಲ್ಲ ನಂಬುವುದಿಲ್ಲ ಎಂದು ಎರಡು ಸಲ ಹೇಳಿದ. ಆಮೇಲೆ ದನಿ ತಗ್ಗಿಸಿದ.

"ಆದ್ರೂ ಮ್ಯಾಡಮ್, ಆ ಹುಡುಗಿ ಕಡಿಂದ ಮತ್ತೊಂದ ಆಣಿ ಮಾಡಿಸಿಬಿಡ್ರಿ. ಊರಿಗೆ ಸಮಾಧಾನ ಆಗ್ಲಿ."

"ಅಂದಾನೆಪ್ಪನ ಕಡಿಂದ ಯಾರು ಮಾಡಿಸಿದ್ರಿ ಸರ್, ಆಣಿ?" ಎಂದಳು ಜ್ಯೋತ್ಸ್ನಾ. "ಬೆತ್ತ ಹಿಡದ ಮಾಸ್ತರ ಕಡಿಂದ?"

ಕರೆವ್ವ ಎದ್ದು ಬಂದು ತಾನಾಗಿಯೇ ಕೈ ಚಾಚಿದಳು. ಜ್ಯೋತ್ಸ್ನಾ ತನ್ನ ಎಡಗೈಯಿಂದ ಆ ಬೆರಳುಗಳನ್ನು ಒಂದೊಂದಾಗಿ ಮಡಚಿ, ಮುಷ್ಟಿ ಮಾಡಿ, ಅವಳಿಗೇ ತಿರುಗಿ ಕೊಟ್ಟಳು.

"ಮತ್ತ ಯಾರರ ಬಂದ್ರರಿ, ಅಕ್ಕಾರ?"

"ಮೊದಲ ಜೋರಾಗಿ ಒದರು. ನಾ ಓಡಿ ಬರ್ತೀನಿ," ಎಂದಳು ಜ್ಯೋತ್ಸ್ನಾ, ಎಲ್ಲರಿಗೂ ಕೇಳುವಂತೆ. "ನಾ ಬರೋದು ತಡಾ ಆತಂದ್ರ, ನನ್ನ ದಾರಿ ಕಾಯಬ್ಯಾಡ."

ವೀರೇಂದ್ರ ತನ್ನ ಕುರ್ಚಿಯನ್ನು ತುಸು ಹಿಂದಕ್ಕೆ ಎಳೆದುಕೊಂಡ.