ಡ್ರಮ್ಮನ್ನಷ್ಟೇ ಹೊಗಳಿದ ವಿಮರ್ಶೆ

"ಇದನ್ನ ಬರ್ದಿರೋದು ನಮ್ಮವರೇ ಕಣಕ್ಕಾ. ಹೊರಗಿನೋರಲ್ಲ."

ಕೀರ್ತಿ ಮೊಬೈಲನ್ನು ಮೇಜಿನ ಮೇಲೆ ತಳ್ಳಿದಳು. ಮೋನಿಷಾ ಕನ್ನಡಕ ಏರಿಸಿದಳು. ಮದುವೆಗೆ ಮುಂಚೆ ಗಂಡಿನ ಪೂರ್ವಾಪರ ಕೆದಕುವುದು ಆರ್.ಟಿ. ನಗರದಲ್ಲಿ ಅವಳ ಕಸುಬು. ಕೀರ್ತಿಯ ಅಕ್ಕನನ್ನು ಒಬ್ಬ ಸುಳ್ಳುಬುರುಕನಿಂದ ಪಾರು ಮಾಡಿದ್ದು ಅವಳೇ. ಆದರೆ ಹಾಡಿನ ವಿಮರ್ಶೆ ಬರೆದವನನ್ನು ಹಿಡಿದುಕೊಡಿ ಎಂದು ಇದುವರೆಗೆ ಯಾರೂ ಬಂದಿರಲಿಲ್ಲ.

ಕೀರ್ತಿ ಹಾಡುವ 'ಕೆಂಡಗಾಳಿ' ತಂಡದ ಮೊದಲ ಆಲ್ಬಂ 'ಉಸುಕು' ಅಂದು ಬೆಳಿಗ್ಗೆ ಬಿಡುಗಡೆಯಾಗಿತ್ತು. ಮರುಭೂಮಿ ರಾಕ್ ಅಂತೆ—ಗಿಟಾರಿನ ತಂತಿ ಸಡಿಲಿಸಿ, ನಿಧಾನವಾಗಿ, ಎದೆಗೂಡು ನಡುಗುವ ಹಾಗೆ ಬಾರಿಸುವ ಸಂಗೀತ. ಮುಂಚಿತವಾಗಿ ಕೇಳಿದ ವಿಮರ್ಶಕರೆಲ್ಲ ಮೆಚ್ಚಿದ್ದರು. ಹಾಡುಗಳ ಅಡಿಯಲ್ಲಿ ಬಿಸಿಗಾಳಿಯಂಥ ಮೊರೆತವಿದೆ ಎಂದು ಒಬ್ಬರಂತೂ ಕೊಂಡಾಡಿದ್ದರು. ಮಧ್ಯಾಹ್ನ ಈ ಹೆಸರಿಲ್ಲದ ವಿಮರ್ಶೆ ಬಂತು. ಹಾಲಿನ ಪಾತ್ರೆಗೆ ಹುಳಿ ಹಿಂಡಿದಂತಾಯಿತು.

ಮೋನಿಷಾ ಗಟ್ಟಿಯಾಗಿ ಓದಿದಳು. "ಬಿಸಿಗಾಳಿಯಂತೆ! ಅದು ಮತ್ತಿಕೆರೆಯ ಹಿಟ್ಟಿನ ಗಿರಣಿಯ ಸದ್ದು. ಮೊದಲ ಹಾಡಿನಿಂದ ಕೊನೆಯವರೆಗೆ, ಮೆತ್ತನೆಯ 'ಬರಿಗಾಲು' ಹಾಡನ್ನೂ ಬಿಡದೆ, ಅದೇ ಗೊರಗೊರ ಕಿವಿ ತಿನ್ನುತ್ತದೆ. ಹುಡುಗಿಯ ದನಿಯಲ್ಲಿ ಸತ್ವವಿಲ್ಲ. ಗಿಟಾರಿಗೆ ಗರ್ವ ಹೆಚ್ಚು. ಡ್ರಮ್ ಬಾರಿಸಿದವನೊಬ್ಬನೇ ಮರ್ಯಾದೆ ಉಳಿಸಿದ್ದಾನೆ."

"ಗಿರಣಿ ವಿಷ್ಯ ಯಾರ್ಯಾರಿಗೆ ಗೊತ್ತಿತ್ತು?" ಎಂದು ಮೊಬೈಲ್ ಕೆಳಗಿಟ್ಟು ಕೇಳಿದಳು.

"ನಾವ್ ನಾಲ್ಕೇ ಜನಕ್ಕೆ. ನಾನು, ಗಿಟಾರ್ ಶಿವಪುತ್ರ, ಡ್ರಮ್ಮರ್ ಸಿದ್ದಲಿಂಗ, ಮ್ಯಾನೇಜರ್ ಮುರುಗೇಶ್. ಗಿರಣಿ ಹಿಂದಿನ ರೂಮಲ್ಲೇ ನಮ್ ಪ್ರಾಕ್ಟೀಸು, ರೆಕಾರ್ಡಿಂಗು ಎಲ್ಲ. ಆ ಸದ್ದಿನ ಜತೆ ಗುದ್ದಾಡೋಕಾಗಲ್ಲ ಅಂತ ಅದಕ್ಕೇ ತಂತಿ ಶ್ರುತಿ ಮಾಡ್ಕೊಂಡ್ವಿ."

"ಹೊಗಳಿಸ್ಕೊಂಡಿರೋನು ಸಿದ್ದಲಿಂಗ."

"ಅದಕ್ಕೇ ಶಿವು ಅವನನ್ನ ತಂಡದಿಂದ ಆಚೆ ಹಾಕ್ತೀನಿ ಅಂತಿದಾನೆ. ನಾಳೆ ಸಂಜೆ ಶೋ ಬೇರೆ ಇದೆ. ಸಿದ್ದ ಅಂಥೋನಲ್ಲ ಅಕ್ಕಾ..." ಕೀರ್ತಿ ತಡವರಿಸಿದಳು. "ಅಂಥೋನಲ್ಲ ಅನ್ಸುತ್ತೆ."

ಆ 'ಅನ್ಸುತ್ತೆ' ಕೇಳಿ ಮೋನಿಷಾಗೆ ಬೇಸರವಾಯಿತು. ಸಂಶಯ ಒಮ್ಮೆ ಹೊಕ್ಕರೆ ಪರವಹಿಸಿ ಮಾತಾಡುವವರನ್ನೂ ಬಿಡುವುದಿಲ್ಲ.

ಮರುದಿನ ಮತ್ತಿಕೆರೆಯ ಬಸ್ಸಿನಲ್ಲಿ ಅವಳು ಇಡೀ ಆಲ್ಬಂ ಕೇಳಿದಳು. 'ಬರಿಗಾಲು' ಹಾಡನ್ನು ಮತ್ತೆ ಮತ್ತೆ ಹಾಕಿದಳು. ಇಳಿದವಳು ನೇರ ಗಿರಣಿ ನಡೆಸುವ ಮುನಿಕೃಷ್ಣಮ್ಮನ ಹತ್ತಿರ ಹೋದಳು.

"ಅಮ್ಮಾ, ಈ ಗಿರಣಿ ಯಾವತ್ತೂ ನಿಲ್ಸೋದೇ ಇಲ್ವಾ?"

"ಅಮಾಸೆ ದಿನ ಓಡ್ಸಲ್ಲ ಕಣವ್ವ. ಕಲ್ಗೆ ಪೂಜೆ ಮಾಡಿ ಸುಮ್ಕೆ ಬುಟ್ಬುಡ್ತೀವಿ. ನಮ್ಮತ್ತೆ ಕಾಲ್ದಿಂದ್ಲೂ ಇಂಗೇಯ."

ಹಿಂದಿನ ಕೋಣೆಯಲ್ಲಿ ಗಾಳಿಯೇ ಬಿಗಿದುಕೊಂಡಿತ್ತು. ಶಿವಪುತ್ರ ಗೋಡೆಗೆ ಒರಗಿ ನಿಂತಿದ್ದ.

"ಪತ್ತೆ ಮಾಡೂದೇನೈತ್ರೀ ಇದ್ರಾಗ? ಹೊಗಳಿಕಿ ಯಾರಿಗೆ ಬಂತೋ, ಕೈ ಅವನದ."

"ನಾ ಬರದಿಲ್ರೀ ಅಕ್ಕಾರ," ಎಂದ ಸಿದ್ದಲಿಂಗ, ಡ್ರಮ್ಮಿನ ತಿರುಪು ಬಿಗಿಯುತ್ತಲೇ. "ನಿನ್ನಿಯಿಂದ ಹೇಳಾಕತ್ತೀನಿ. ಇವ ನನ್ನ ಮಾತು ಕಿವಿಗೇ ಹಾಕ್ಕೋವಲ್ಲ."

ಮುರುಗೇಶ್ ನಡುವೆ ಬಂದ. "ಬಿಡಿ ಮೇಡಂ. ಏನೋ ಕೋಪದಲ್ಲಿ ಬರ್ದಿರ್ತಾನೆ. ಒಂದ್ಸಲ ಮಾಫ್ ಮಾಡ್ರೋ ಅಂತ ನಾನೇ ಹೇಳ್ತಿದೀನಿ."

ಕ್ಷಮೆಯ ಹೆಸರಲ್ಲಿ ಎಷ್ಟು ನಯವಾಗಿ ಅಪರಾಧ ಹೊರಿಸಿದ! ಮದುವೆ ದಲ್ಲಾಳಿಗಳ ನಡುವೆ ಪಳಗಿದ ಮೋನಿಷಾಗೆ ಈ ನಯ ಚೆನ್ನಾಗಿ ಗೊತ್ತು.

"ಆಲ್ಬಂ ಹೇಗಿದೆ ಮುರುಗೇಶ್?"

"ಸೂಪರ್ ಮೇಡಂ! ಪ್ರತಿ ಹಾಡೂ ನಂಗೆ ಬಾಯಿಪಾಠ."

"'ಬರಿಗಾಲು'ಗೆ ಗಿರಣಿ ಸದ್ದು ಜಾಸ್ತಿ ಆಯ್ತು ಅಲ್ವಾ?"

"ಸ್ವಲ್ಪ ಜಾಸ್ತೀನೇ. ಏನ್ ಮಾಡೋದು, ಗೋಡೆ ಆಚೆಗೇ ಗಿರಣಿ—"

ಸಿದ್ದಲಿಂಗನ ಕೈ ನಿಂತಿತು. ಕೀರ್ತಿ ಮುರುಗೇಶನನ್ನೇ ನೋಡಿದಳು.

"ಆ ಹಾಡು ಯಾವತ್ತು ರೆಕಾರ್ಡ್ ಮಾಡಿದ್ರಿ ಕೀರ್ತಿ?"

"ಅಮಾವಾಸ್ಯೆ ದಿನ," ಎಂದಳು ಕೀರ್ತಿ ಮೆಲ್ಲಗೆ. "ಆವತ್ತು ಯಾರೂ ಹೊಸ ಕೆಲ್ಸ ಶುರು ಮಾಡಲ್ವಲ್ಲ, ಬಾಡಿಗೆ ಮೈಕು ಸುಲಭವಾಗಿ ಸಿಕ್ತು."

"ಗಿರಣಿ ಬಂದ್ ಇತ್ತು," ಎಂದ ಶಿವಪುತ್ರ. "ತಂತಿ ಯಾವ ಶ್ರುತಿಗೆ ಕೂಡಿಸಬೇಕಂತ ತಿಳೀಲಾರದ ಒದ್ದಾಡಿದ್ವಿ."

"ಅಂದ್ಮೇಲೆ ಆ ದಿನ ಇಲ್ಲಿದ್ದ ಮೂವರಲ್ಲಿ ಯಾರೂ ಅದನ್ನ ಮರೆಯೋ ಹಾಗಿಲ್ಲ," ಎಂದಳು ಮೋನಿಷಾ. "ಆಲ್ಬಮ್ಮಲ್ಲಿ ಆ ಒಂದು ಹಾಡಲ್ಲಿ ಗಿರಣಿ ಸದ್ದೇ ಇಲ್ಲ. ನೀವು ಬೈಗುಳ ಓದಿದ್ರಿ, ಹೊಗಳಿಕೆ ಓದಿದ್ರಿ, ನಡುವಿನ ಸಾಲನ್ನ ಬಿಟ್ರಿ. ಬರೆದವನು 'ಬರಿಗಾಲು' ಕೇಳಿರೋದು ಈ ರೂಮಲ್ಲಿ, ಪ್ರಾಕ್ಟೀಸಲ್ಲಿ ಮಾತ್ರ. ಆಲ್ಬಮ್ಮಲ್ಲಿ ಕೇಳೇ ಇಲ್ಲ. ಅಮಾವಾಸ್ಯೆ ದಿನ ಬಾರದೇ ಇದ್ದೋನು ಯಾರು?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. "ಅಮಾವಾಸ್ಯೆಗೆ ಶುಭಕಾರ್ಯ ಬೇಡ ಅಂತ..." ಎಂದು ಶುರು ಮಾಡಿದ ಮುರುಗೇಶ್, ಮಾತನ್ನು ಅಲ್ಲಿಗೇ ನುಂಗಿಕೊಂಡ.

"ಸಿದ್ದನ್ನ ಹೊಗಳಿದ್ದು ಗುಮಾನಿ ಅವನ ಮೇಲೆ ಹೋಗ್ಲಿ ಅಂತ. ಅದು ಗೊತ್ತಾಯ್ತು. ಯಾಕೆ ಅನ್ನೋದು ನೀವೇ ಹೇಳ್ಬೇಕು."

ಮುರುಗೇಶ್ ಕೆಳಗೆ ಕೂತ. "ಕೀರ್ತಿ ಬರೋ ಮುಂಚೆ ಹಾಡ್ತಿದ್ದೋನು ನಾನು ಮೇಡಂ. 'ಬರಿಗಾಲು' ನಾನ್ ಕಟ್ಟಿದ್ ಹಾಡು. ನಿನ್ ಗಂಟಲು ಸಾಲಲ್ಲ ಮಗಾ, ಮ್ಯಾನೇಜರ್ ಆಗು ಅಂದ್ರು. ಆದೆ. ಆಲ್ಬಂ ಬಂದಾಗ ಪ್ಲೇ ಒತ್ತೋಕೆ ಕೈ ಬರ್ಲಿಲ್ಲ. ಎಲ್ರೂ ಅವಳನ್ನ ಹೊಗಳ್ತಿದ್ರು. ತಡ್ಕೊಳೋಕಾಗ್ಲಿಲ್ಲ."

ಮೋನಿಷಾಗೆ ಕೋಪದ ಜೊತೆಗೆ ಕನಿಕರವೂ ಬಂತು. ಶಿವಪುತ್ರನಿಗೆ ಬರೀ ಕೋಪ ಬಂತು.

"ಕೇಳಲಾರದನ ತೀರ್ಪು ಕೊಟ್ಟೆಲ್ಲೋ!" ಎಂದು ಅವನು ಮುರುಗೇಶನ ಕಾಲರ್ ಹಿಡಿದ. "ನಮ್ಮ ಎರಡು ವರ್ಷದ ದುಡಿತ, ಒಂದ್ಸಲ ಕೇಳಲಾರದನ!"

ಸಿದ್ದಲಿಂಗ ಎದ್ದು ಬಂದು ಆ ಕೈಯನ್ನು ಬಿಡಿಸಿದ.

"ಬಿಡು ಶಿವು. ನಿನ್ನಿ ಇಡೀ ದಿನ ನಾ ಹೇಳಿದ್ದು ನೀ ಕೇಳಿದೇನು?"

ಸಿದ್ದಲಿಂಗ ಡ್ರಮ್ಮನ್ನು ಎತ್ತಿ ಬಾಗಿಲತ್ತ ನಡೆದ.

"ಇವತ್ತ ಶೋದಾಗ ಬಾರಸ್ತೀನಿ. ನಾಳೀದು ನಾಳಿ ನೋಡೂಣು."